ಹುಣಸೆಯ ಮಡಕೆಯಲ್ಲಿ ಸಿಕ್ಕ ಸರ

ಪತ್ತೇದಾರಿ ಕಥೆಯೊಂದು ಮುಗಿದಾಗ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ದೊರೆಯುತ್ತದೆ. ಕಳ್ಳ ಸಿಕ್ಕಿದ, ಒಡವೆ ಸಿಕ್ಕಿತು, ಸಂಶಯ ತೀರಿತು ಎಂದು ದೀಪ ಆರಿಸಿ ಮಲಗುತ್ತೇವೆ. ಕೆಲವು ಕಥೆಗಳು ಮಾತ್ರ ಒಡವೆಯನ್ನು ಕೈಗಿತ್ತ ಮೇಲೂ ನಿದ್ದೆ ಕೊಡುವುದಿಲ್ಲ. ಶಂಕರ್‌ನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ‘ಲೀಲಾಳ ಗೆಳೆಯ’ನ ಕಥೆ ಅಂತಹದೊಂದು. ಅದನ್ನು ಬಾಲ್ಯದಲ್ಲಿ ಒಮ್ಮೆ, ಮೂರು ದಶಕಗಳ ತರುವಾಯ ಇನ್ನೊಮ್ಮೆ ನೋಡಿದೆ. ಮೊದಲ ಸಲ ಕಂಡ ಕಥೆಯೂ ಎರಡನೆಯ ಸಲ ಕಂಡ ಕಥೆಯೂ ಒಂದೇ ಆಗಿರಲಿಲ್ಲ.

1986-87ರಲ್ಲಿ ಆ ಸರಣಿ ಪ್ರಸಾರವಾಗುತ್ತಿದ್ದಾಗ ನಮ್ಮ ಮಿಡಿಗೇಶಿಯಲ್ಲಿ ಟಿ.ವಿ. ಇದ್ದ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಹಿಮ್ಮಡಿ ಮುಟ್ಟುವ ಕೇಶರಾಶಿಯಿದ್ದ ರಾಣಿಯೊಬ್ಬಳಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುವ ಐತಿಹ್ಯವಿದೆ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಕಡಲೆಕಾಯಿಯ ಹೊಲ, ಹೊಲದ ಅಂಚಿನಲ್ಲಿ ಹುಣಸೆ ಮರ. ಹೊತ್ತು ಮುಳುಗುವ ಮುನ್ನವೇ ಊಟ ಮುಗಿಸುವ ಮನೆ ನಮ್ಮದಾದ್ದರಿಂದ, ರಾತ್ರಿ ಪಕ್ಕದ ಮನೆಯ ಟಿ.ವಿ. ಮುಂದೆ ಮೊದಲ ಸಾಲಿನ ಜಾಗ ಸದಾ ನನಗೇ ಸಿಗುತ್ತಿತ್ತು. ರಾತ್ರಿಭೋಜನ ತ್ಯಾಗದಿಂದ ನನಗೆ ಆ ವಯಸ್ಸಿನಲ್ಲಿ ದೊರೆತ ಪ್ರತ್ಯಕ್ಷ ಫಲ ಅದೊಂದೇ. ಹಿಂದಿ ಯಾರಿಗೂ ಸರಿಯಾಗಿ ಬಾರದು. ಶಾಲೆಯ ಮೇಷ್ಟ್ರೊಬ್ಬರು ಗೋಡೆಗೆ ಒರಗಿ ಕುಳಿತು ಮುಖ್ಯ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಗುಂಬೆಯ ಮಳೆಯ ಬೀದಿಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ ಇವಕ್ಕೆ ಭಾಷಾಂತರ ಬೇಕಿರಲಿಲ್ಲ.

ಕಥೆ ಚಿಕ್ಕದು. ಒಂದು ಸಭ್ಯ ಗೃಹಸ್ಥರ ಮನೆಗೆ ಸಿದ್ದನೆಂಬ ಆಳು ಕೆಲಸ ಕೇಳಿಕೊಂಡು ಬರುತ್ತಾನೆ. ಆ ಮನೆಯ ಐದು ವರ್ಷದ ಮಗು ಲೀಲಾಳಿಗೆ ಅವನು ಒಡನೆಯೇ ಹಿಡಿಸುತ್ತಾನೆ. ಅವಳೊಡನೆ ಚೆಂಡಾಡುತ್ತಾನೆ, ಚಂದ್ರನ ಪರಿಚಯ ತನಗಿದೆ ಎನ್ನುತ್ತಾನೆ. ಅವಳು ಗುರುಗಳಾಗಿ ಸ್ಲೇಟಿನ ಮೇಲೆ ಅಕ್ಷರ ಬರೆಸಿದರೆ ಕೈ ತಿರುಗದೆ ಒದ್ದಾಡುತ್ತಾನೆ. ಒಂದು ದಿನ ಲೀಲಾಳ ಕೊರಳಿನ ಚಿನ್ನದ ಸರ ಕಾಣೆಯಾಗುತ್ತದೆ. ತಾಯಿ ಗದರಿಸುತ್ತಾಳೆ, ಪೊಲೀಸರ ಹೆಸರೆತ್ತುತ್ತಾಳೆ. ಸಿದ್ದನ ಗಂಟಲು ಒಣಗುತ್ತದೆ. ಆಮೇಲೆ ಅವನು ಮನೆಯಲ್ಲಿಲ್ಲ. ಓಡಿಹೋದವನು ಕಳ್ಳನೇ ಎಂದು ಎಲ್ಲರಿಗೂ ಖಚಿತವಾಗುತ್ತದೆ. ಠಾಣೆಯಲ್ಲಿ ವಿಚಾರಿಸಿದರೆ, ಅವನು ಮಕ್ಕಳ ಮೈಮೇಲಿನ ಒಡವೆ ಕದ್ದು ಹಲವು ಸಲ ಸೆರೆಮನೆ ಕಂಡವನು ಎಂದು ತಿಳಿಯುತ್ತದೆ. ಕೆಲವು ದಿನಗಳಲ್ಲಿ ಪೊಲೀಸರು ಅವನನ್ನು ಹಿಡಿದು ತರುತ್ತಾರೆ. ತಾನು ತೆಗೆದಿಲ್ಲ ಎಂಬ ಒಂದೇ ಮಾತು ಅವನದು. ಅವನನ್ನು ಬಿಡಿ, ನಾನು ಆಡಬೇಕು ಎಂದು ಮಗು ಅಳುತ್ತದೆ. ಮುಂದೊಂದು ದಿನ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಮಡಕೆಗೆ ಕೈಯಿಟ್ಟ ತಾಯಿಗೆ ಸರ ಸಿಗುತ್ತದೆ. ಅಲ್ಲಿ ಹಾಕಿದವಳು ಲೀಲಾಳೇ, ಹಾಕಿ ಮರೆತಿದ್ದಳು. ಸಂಗತಿ ತಿಳಿದ ತಂದೆ ಪೊಲೀಸರಿಗೆ ಹೇಳಿಕಳಿಸುವ ಮಾತಾಡುತ್ತಾನೆ. ಆದರೆ ಏನೇ ಆಗಲಿ ಅಂತಹ ಅಪರಾಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಾಗುತ್ತಿರಲಿಲ್ಲ ಎಂಬ ಅರ್ಥದ ಮಾತಿನೊಂದಿಗೆ ನಾರಾಯಣರ ಕಥೆ ನಿಂತುಬಿಡುತ್ತದೆ.

ಆ ರಾತ್ರಿ ಬೀದಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಈ ಸಲ ಕದಿಯಲಿಲ್ಲ, ಇನ್ನೊಂದು ತಿಂಗಳಿದ್ದಿದ್ದರೆ ಕದಿಯುತ್ತಿದ್ದ ಎಂದರು ಕೆಲವರು. ಮಗುವಿನ ಸ್ನೇಹದಿಂದ ಅವನು ಬದಲಾಗಿದ್ದ ಎಂದರು ಮೇಷ್ಟ್ರು. ಸುಳ್ಳು ಕೇಸು ಹಾಕಿದವರಿಗೆ ಶಿಕ್ಷೆ ಯಾವುದು ಎಂದು ಯಾರೋ ಕೇಳಿದರು, ಉತ್ತರ ಬರಲಿಲ್ಲ. ನಾನು ಅಳುತ್ತಾ ಮನೆಗೆ ಬಂದೆ. ಸಿದ್ದ ಎಂಬ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ. ಕೊರಟಗೆರೆಯ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತು ಇಟ್ಟ ಹೆಸರುಗಳೇ ಎಷ್ಟೋ. ಪಂಚನಮಸ್ಕಾರದಲ್ಲಿ ಎರಡನೆಯ ವಂದನೆ ಸಲ್ಲುವುದೂ ಸಿದ್ಧರಿಗೇ. ದಿನವೂ ನಮಿಸುವ ಹೆಸರಿನವನನ್ನು ಪೊಲೀಸರು ಎಳೆದೊಯ್ದರಲ್ಲ ಎಂದು ಹನ್ನೆರಡರ ಬುದ್ಧಿಗೆ ಸಂಕಟವಾಗಿತ್ತು.

2020ರ ಲಾಕ್‌ಡೌನ್ ದಿನಗಳಲ್ಲಿ ಸರಣಿ ಕನ್ನಡಕ್ಕೆ ಡಬ್ ಆಗಿ ಕಿರುತೆರೆಗೆ ಮರಳಿತು. ಅದರ ನೆಪದಲ್ಲಿ ಮಗಳೊಂದಿಗೆ ಹಳೆಯ ಕಂತುಗಳನ್ನು ಹುಡುಕಿ ನೋಡುತ್ತಾ ಬಂದಾಗ ಈ ಕಥೆಯೂ ಎದುರಾಯಿತು. ಮುಗಿದೊಡನೆ ಅವಳು ಕೇಳಿದಳು: “ಹಾಗಾದರೆ ಅವನು ಕಳ್ಳನೋ ಅಲ್ಲವೋ ಅಪ್ಪ?” ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಪ್ರಶ್ನೆ ಬಂತು: “ಆಮೇಲೆ ಅವನಿಗೇನಾಯಿತು?” ಮೊದಲನೆಯ ಪ್ರಶ್ನೆಯನ್ನು ನಮ್ಮ ಬೀದಿ ಅಂದು ಅರ್ಧ ರಾತ್ರಿಯವರೆಗೆ ಚರ್ಚಿಸಿತ್ತು. ಎರಡನೆಯದನ್ನು ಯಾರೂ ಕೇಳಿದ ನೆನಪಿಲ್ಲ.

ಜಿನಾಗಮವು ಅರಿವಿನ ಬಗೆಗೆ ಹೇಳುವ ಮಾತುಗಳು ಇಂತಹ ಕಥೆಯ ಎದುರಿನಲ್ಲಿ ಆಶ್ಚರ್ಯಕರವಾಗಿ ಜೀವಂತವಾಗುತ್ತವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ಹೇಳುತ್ತದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಒಂದು ಕಂಡಿತು ಎಂಬುದು ಅವಗ್ರಹ. ಅದು ಇಂತಹದೇ ಇರಬೇಕು ಎಂದು ನಿರ್ಣಯದತ್ತ ಬಾಗಿ ಲಕ್ಷಣಗಳನ್ನು ಪರಿಶೀಲಿಸುವುದು ಈಹಾ. ಇಂತಹದೇ ಎಂದು ನಿಶ್ಚಯಿಸುವುದು ಅವಾಯ. ನಿಶ್ಚಯವಾದುದನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಈಹಾ ಎಂದರೆ ಸಂಶಯವಲ್ಲ ಎಂದು ವ್ಯಾಖ್ಯಾನಕಾರರು ಎಚ್ಚರಿಸುತ್ತಾರೆ. ಸಂಶಯವು ಕಂಬವೋ ಮನುಷ್ಯನೋ ಎಂದು ಎರಡರ ನಡುವೆ ತೂಗಾಡುತ್ತಲೇ ಇರುತ್ತದೆ. ಈಹೆಯು ಹತ್ತಿರ ಹೋಗಿ ನೋಡುತ್ತದೆ.

ಲೀಲಾಳ ಮನೆಯಲ್ಲಿ ನಡೆದದ್ದೇನು? ಕೊರಳಿನಲ್ಲಿ ಸರವಿಲ್ಲ ಎಂಬುದು ಅವಗ್ರಹ. ಅಲ್ಲಿಂದ ಸಿದ್ದ ಕಳ್ಳನೆಂಬ ಅವಾಯಕ್ಕೆ ಒಂದೇ ನೆಗೆತ. ನಡುವಿನ ಈಹಾ ಎಂಬ ಮೆಟ್ಟಿಲನ್ನು ಯಾರೂ ತುಳಿಯಲಿಲ್ಲ. ಮಡಕೆಗಳನ್ನು ನೋಡಲಿಲ್ಲ, ಮಗುವನ್ನು ಸಮಾಧಾನದಿಂದ ಕೇಳಲಿಲ್ಲ. ಕೇಳುವ ಬದಲು ಹೊಡೆದರು. ಅವನು ಓಡಿದನಲ್ಲ ಎಂಬುದೇ ಸಾಕ್ಷಿಯಾಯಿತು. ಒಮ್ಮೆ ಸೆರೆಮನೆ ಕಂಡವನು ಪೊಲೀಸರ ಹೆಸರು ಕೇಳಿದರೆ ತಪ್ಪಿಲ್ಲದಿದ್ದರೂ ಓಡುತ್ತಾನೆ ಎಂಬುದು ಹೊಳೆಯಬೇಕಾದರೆ ಅವನ ಜಾಗದಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ಧಾರಣೆಯಂತೂ ಇನ್ನೂ ಭಯಂಕರ. ಸರ ಸಿಕ್ಕ ಮೇಲೂ, ಅಂದರೆ ಅವಾಯವೇ ತಪ್ಪೆಂದು ಕಣ್ಣೆದುರು ಸಾಬೀತಾದ ಮೇಲೂ, ಧಾರಣೆ ಮಾತ್ರ ಕದಲಲಿಲ್ಲ.

ಇಲ್ಲಿ ಅನೇಕಾಂತವಾದದ ಮಾತು ಬರುವುದು ಸಹಜ. ಆದರೆ ಅದನ್ನು ನಾವು ಈಚೆಗೆ ಬಹಳ ಅಗ್ಗವಾಗಿ ಬಳಸುತ್ತಿದ್ದೇವೆ ಎಂಬುದು ನನ್ನ ದೂರು. ಅಸ್ಪಷ್ಟ ಅಂತ್ಯವಿರುವ ಯಾವುದೇ ಸಿನಿಮಾ, ಧಾರಾವಾಹಿ ಬಂದರೂ ನೋಡಿ, ಇದೇ ನಮ್ಮ ಅನೇಕಾಂತ, ಅವರವರಿಗೆ ಕಂಡದ್ದು ಅವರವರ ಸತ್ಯ ಎಂದು ವೇದಿಕೆಯ ಮೇಲೆ ಹೇಳುವವರನ್ನು ಕೇಳಿದ್ದೇನೆ. ಕುರೊಸಾವನ ‘ರಾಶೊಮಾನ್’ ಬಗೆಗೂ ಹೇಳುತ್ತಾರೆ, ‘ಉಳಿದವರು ಕಂಡಂತೆ’ ಬಗೆಗೂ ಹೇಳುತ್ತಾರೆ. ಕುರುಡರು ಆನೆಯನ್ನು ಮುಟ್ಟಿದ ದೃಷ್ಟಾಂತದಲ್ಲಿ ಆನೆ ಇದೆ ಎಂಬುದನ್ನೇ ಮರೆತವರ ಮಾತು ಇದು. ಸಿದ್ದ ಸರವನ್ನು ಕದಿಯಲಿಲ್ಲ. ಇದು ತಂದೆಯ ದೃಷ್ಟಿಯಿಂದ ಒಂದು, ಸಿದ್ದನ ದೃಷ್ಟಿಯಿಂದ ಇನ್ನೊಂದು ಆಗುವ ಸಂಗತಿಯಲ್ಲ. ಸರ ಮಡಕೆಯಲ್ಲಿತ್ತು. ಸ್ಯಾದ್ವಾದವು ವಸ್ತುವಿನ ಬಗೆಗಿನ ಅನುಮಾನವಲ್ಲ. ಯಾವ ಅಪೇಕ್ಷೆಯಿಂದ ಮಾತಾಡುತ್ತಿದ್ದೇವೆ ಎಂಬುದನ್ನು ಮರೆಮಾಡದೆ ಹೇಳುವ ಶಿಸ್ತು. ಎಲ್ಲರದೂ ಸರಿ ಎಂದುಬಿಟ್ಟರೆ ನಿರಪರಾಧಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ಆ ಉದಾರತೆಯ ಲಾಭ ಯಾವಾಗಲೂ ಆರೋಪ ಹೊರಿಸಿದವನಿಗೇ ಸಲ್ಲುತ್ತದೆ.

ಹಾಗಾದರೆ ಅನೇಕಾಂತ ಈ ಕಥೆಯಲ್ಲಿ ಎಲ್ಲಿದೆ? ಮಗಳ ಮೊದಲ ಪ್ರಶ್ನೆಯಲ್ಲಿದೆ. ಅವನು ಕಳ್ಳನೋ ಅಲ್ಲವೋ? ಈ ಸರವನ್ನು ಕದ್ದನೋ ಎಂಬುದು ಒಂದು ಪ್ರಶ್ನೆ, ಅವನು ‘ಕಳ್ಳ’ನೋ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಮಡಕೆ ಉತ್ತರ ಕೊಟ್ಟಿತು. ಎರಡನೆಯದಕ್ಕೆ ನಯಗಳನ್ನು ಆಶ್ರಯಿಸಬೇಕು. ನಮ್ಮ ಆಚಾರ್ಯರು ಹೇಳಿದ ಏಳು ನಯಗಳಲ್ಲಿ ನೈಗಮ ನಯವು ಆಗಿಹೋದುದನ್ನೂ ಆಗಲಿರುವುದನ್ನೂ ಈಗಿನದೆಂಬಂತೆ ಹೇಳಲು ಅವಕಾಶ ಕೊಡುತ್ತದೆ. ದೀಪಾವಳಿಯಂದು ‘ಇಂದು ಮಹಾವೀರ ಸ್ವಾಮಿಗಳು ಮೋಕ್ಷಕ್ಕೆ ಹೋದರು’ ಎನ್ನುತ್ತೇವಲ್ಲ, ಅದು ಭೂತನೈಗಮ. ಋಜುಸೂತ್ರ ನಯವು ಈ ಕ್ಷಣದ ಪರ್ಯಾಯವನ್ನಷ್ಟೇ ಹಿಡಿಯುತ್ತದೆ. ಕೊನೆಯ ಏವಂಭೂತ ನಯವು ಇನ್ನೂ ಕಟ್ಟುನಿಟ್ಟು: ಶಬ್ದವು ಸೂಚಿಸುವ ಕ್ರಿಯೆ ನಡೆಯುತ್ತಿರುವಾಗ ಮಾತ್ರ ಆ ಶಬ್ದ ಸಲ್ಲುತ್ತದೆ. ಪೂಜಿಸುತ್ತಿರುವಾಗಲೇ ಪೂಜಕ. ಆ ಲೆಕ್ಕದಲ್ಲಿ ಕದಿಯುತ್ತಿರುವಾಗ ಮಾತ್ರ ಕಳ್ಳ. ಸ್ಲೇಟು ಹಿಡಿದು ಮಗುವಿನ ಮುಂದೆ ಅಕ್ಷರ ತಿದ್ದುತ್ತಿರುವಾಗ ಸಿದ್ದ ಬರಿಯ ವಿದ್ಯಾರ್ಥಿ.

ಠಾಣೆಯ ಕಡತ ಹೇಳಿದ್ದು ಭೂತನೈಗಮದ ಮಾತು. ಅದು ಸುಳ್ಳಲ್ಲ. ಹಾಗೆಂದು ಉಳಿದೆಲ್ಲ ನಯಗಳನ್ನು ಅಲ್ಲಗಳೆದು ಅದೊಂದೇ ಅವನು ಎಂದ ಕ್ಷಣದಲ್ಲಿ ನಯವು ದುರ್ನಯವಾಗುತ್ತದೆ. ಪರ್ಯಾಯವನ್ನು ದ್ರವ್ಯವೆಂದು ತಿಳಿದಂತಾಗುತ್ತದೆ. ಜೀವದ್ರವ್ಯಕ್ಕೆ ಕಳ್ಳತನವು ಗುಣವಲ್ಲ. ಕರ್ಮೋದಯದಿಂದ ಬಂದು ಹೋಗುವ ಒಂದು ಅವಸ್ಥೆ. ಬಂದಿತ್ತು ಎನ್ನಿ. ಮತ್ತೆ ಬರಬಹುದು ಎಂದರೂ ಒಪ್ಪೋಣ. ಇದೆ ಎನ್ನಲು ನಮಗೆ ಆಧಾರವೇನು?

ಜೈನರಾದ ನಾವು ಈ ಮಾತನ್ನು ಒಪ್ಪಲು ಕಷ್ಟಪಡಬೇಕಾಗಿಯೇ ಇಲ್ಲ, ಏಕೆಂದರೆ ನಮ್ಮ ಕಥಾಪರಂಪರೆಯೇ ಕಳ್ಳರಿಂದ ತುಂಬಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ನಿದರ್ಶನರಾದವರ ಹೆಸರು ಹೇಳುವಾಗ ಮೊದಲನೆಯದಾದ ನಿಃಶಂಕಿತ ಅಂಗಕ್ಕೆ ಆರಿಸಿಕೊಂಡದ್ದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಅಂಜನನೆಂಬ ಕಳ್ಳನನ್ನು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ಋಷಿಯ ಕಥೆಯೂ ಒಂದು. ಚೋರ ಎಂಬುದು ಋಷಿಯಾದ ಮೇಲೂ ಅವನ ಹೆಸರಿಗೆ ಅಂಟಿಕೊಂಡಿದೆ, ಯಾರೂ ನಾಚಲಿಲ್ಲ. ಇಂತಹ ಕಥೆಗಳನ್ನು ಪರ್ಯೂಷಣದಲ್ಲಿ ಕೈಮುಗಿದು ಕೇಳಿ ಮನೆಗೆ ಬಂದು ಕೆಲಸದವರ ಚೀಲ ತಡಕುವುದಕ್ಕೆ ನಮಗೆ ಹೇಗೆ ಸಾಧ್ಯವಾಗುತ್ತದೋ!

ಇದೇ ಎಂಟರ ಪಟ್ಟಿಯಲ್ಲಿ ಸ್ಥಿತೀಕರಣಕ್ಕೆ ನಿದರ್ಶನನಾದ ವಾರಿಷೇಣನ ಕಥೆಯೂ ಕಳೆದುಹೋದ ಸರದ ಕಥೆಯೇ. ರಾಜಗೃಹದ ದೊರೆ ಶ್ರೇಣಿಕನ ಮಗ ವಾರಿಷೇಣ. ಚತುರ್ದಶಿಯ ಉಪವಾಸ ಮಾಡಿ ರಾತ್ರಿ ಶ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ನಗರದ ಶ್ರೇಷ್ಠಿಯ ಮನೆಯ ಹಾರವನ್ನು ಕದ್ದ ಚೋರನೊಬ್ಬ ತಳವಾರರು ಬೆನ್ನಟ್ಟಿದಾಗ ಅದನ್ನು ಧ್ಯಾನಸ್ಥನ ಮುಂದೆ ಎಸೆದು ಮರೆಯಾಗುತ್ತಾನೆ. ಹಾರ ಇವನ ಮುಂದೆ ಬಿದ್ದಿದೆ, ಇವನು ಮಾತಾಡುತ್ತಿಲ್ಲ, ಇನ್ನೇನು ಬೇಕು? ಧರ್ಮಾತ್ಮನ ಸೋಗಿನಲ್ಲಿ ಕಳ್ಳತನ ಮಾಡಿದನೆಂದು ಕೆರಳಿದ ತಂದೆಯೇ ಶಿರಚ್ಛೇದನಕ್ಕೆ ಆಜ್ಞೆ ಕೊಡುತ್ತಾನೆ. ಬೀಸಿದ ಕತ್ತಿ ಕೊರಳಿನಲ್ಲಿ ಹೂಮಾಲೆಯಾಗುತ್ತದೆ. ಸತ್ಯ ತಿಳಿದ ಶ್ರೇಣಿಕ ಓಡಿಬಂದು ಮಗನಲ್ಲಿ ಕ್ಷಮೆ ಬೇಡುತ್ತಾನೆ. ವಾರಿಷೇಣ ಕ್ಷಮಿಸುತ್ತಾನೆ, ಅರಮನೆಗೆ ಮಾತ್ರ ಮರಳುವುದಿಲ್ಲ, ದೀಕ್ಷೆಗೆ ಹೋಗುತ್ತಾನೆ.

ಕತ್ತಿ ಹೂವಾದ ಪವಾಡದ ಬಗೆಗೆ ಪ್ರವಚನಗಳಲ್ಲಿ ಬಹಳ ಹೇಳುತ್ತಾರೆ. ನನಗೆ ಈಗ ಹೆಚ್ಚು ಮುಖ್ಯವೆನಿಸುವುದು ಶ್ರೇಣಿಕನ ಓಟ. ಸಿಂಹಾಸನದಲ್ಲಿ ಕುಳಿತೇ ಆಜ್ಞೆಯನ್ನು ಹಿಂತೆಗೆದುಕೊಳ್ಳಬಹುದಿತ್ತು. ಅವನು ಶ್ಮಶಾನದವರೆಗೆ ಹೋದ. ಲೀಲಾಳ ತಂದೆ ಠಾಣೆಗೆ ಹೇಳಿಕಳಿಸುತ್ತಾನೆ, ತಾನು ಹೋಗುವುದಿಲ್ಲ. ಸಿದ್ದನಿಗೆ ದೇವತೆಗಳ ಸಹಾಯವೂ ಇಲ್ಲ, ರಾಜಪುತ್ರನೆಂಬ ಹೆಸರೂ ಇಲ್ಲ, ಶುದ್ಧವಾದ ಹಿಂದಿನ ಚರಿತ್ರೆಯೂ ಇಲ್ಲ. ವಾರಿಷೇಣನ ನಿರಪರಾಧಿತ್ವವನ್ನು ನಂಬುವುದು ಸುಲಭ. ಹಿಂದೆ ನಿಜವಾಗಿ ಕದ್ದಿದ್ದ, ಈ ಸಲ ಕದಿಯದ ಮನುಷ್ಯನ ಮುಂದೆ ನಮ್ಮ ಸಮ್ಯಕ್ತ್ವಕ್ಕೆ ನಿಜವಾದ ಪರೀಕ್ಷೆ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುವೆ. ದಿಗಂಬರ ಪರಂಪರೆಯ ಪ್ರಕಾರ ಶ್ರೇಣಿಕ ತಾನು ಹಿಂದೆ ಕಟ್ಟಿಕೊಂಡ ಆಯುಃಕರ್ಮದಿಂದ ಈಗ ನರಕದಲ್ಲಿದ್ದಾನೆ. ಆದರೂ ಮುಂದಿನ ಚೌವೀಸಿಯ ಮೊದಲ ತೀರ್ಥಂಕರನಾಗುವವನೆಂದು ಅವನನ್ನು ಗೌರವದಿಂದ ನೆನೆಯುತ್ತೇವೆ. ನರಕದಲ್ಲಿರುವವನಿಗೆ ಭಾವಿನೈಗಮದ ಗೌರವ ಕೊಡಬಲ್ಲೆವು. ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿರುವವನಿಗೆ ಭೂತನೈಗಮ ಬಿಟ್ಟು ಬೇರೊಂದನ್ನು ಕೊಡಲಾರೆವು.

ತಂದೆತಾಯಿಯ ಪಕ್ಷದಲ್ಲಿ ಹೇಳಬೇಕಾದುದೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯ. ಮಕ್ಕಳ ಒಡವೆ ಕದ್ದು ಸೆರೆಗೆ ಹೋದವನೊಬ್ಬ ಐದು ವರ್ಷದ ಮಗಳ ಜೊತೆ ದಿನವಿಡೀ ಇರುತ್ತಾನೆಂದರೆ ಯಾವ ತಾಯಿಯ ಎದೆ ಹೊಡೆದುಕೊಳ್ಳದು? ಎಚ್ಚರಿಕೆಯು ಹಿಂಸೆಯಲ್ಲ, ಪ್ರಮಾದವಿಲ್ಲದೆ ಇರುವುದೂ ಧರ್ಮವೇ. ಉಪಗೂಹನ ಅಂಗಕ್ಕೆ ಹೆಸರಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಈ ತೊಡಕನ್ನೇ ಬಿಡಿಸುವಂತಿದೆ. ಅವನ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಸ್ವಾಮಿಯ ಛತ್ರದಲ್ಲಿದ್ದ ರತ್ನವನ್ನು ಕದಿಯಲು ಒಬ್ಬ ಕಳ್ಳ ಕ್ಷುಲ್ಲಕನ ವೇಷದಲ್ಲಿ ಬಂದು ಸೇರಿಕೊಳ್ಳುತ್ತಾನೆ. ಶ್ರೇಷ್ಠಿ ಪ್ರಯಾಣ ಹೊರಟ ರಾತ್ರಿ ರತ್ನದೊಡನೆ ಪರಾರಿಯಾಗುವಾಗ ಕಾವಲುಗಾರರ ಕಣ್ಣಿಗೆ ಬೀಳುತ್ತಾನೆ. ಓಡಿ ಓಡಿ ಕೊನೆಗೆ ಶ್ರೇಷ್ಠಿಯ ಬಳಿಗೇ ಬಂದು ಶರಣಾಗುತ್ತಾನೆ. ಕಾವಲುಗಾರರಿಗೆ ಶ್ರೇಷ್ಠಿ, ನನ್ನ ಮಾತಿನಂತೆಯೇ ಇವರು ರತ್ನ ತಂದಿದ್ದಾರೆ, ನೀವು ತಪ್ಪು ತಿಳಿದಿರಿ ಎಂದು ಹೇಳಿ ಕಳಿಸುತ್ತಾನೆ. ಆಮೇಲೆ ಏಕಾಂತದಲ್ಲಿ ಅವನಿಗೆ ಬುದ್ಧಿ ಹೇಳಿ ದೂರಕ್ಕೆ ಕಳಿಸಿಬಿಡುತ್ತಾನೆ.

ಗಮನಿಸಬೇಕು: ಜಿನೇಂದ್ರಭಕ್ತನೂ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆ ಮಟ್ಟಿಗೆ ಲೀಲಾಳ ತಂದೆಯೂ ಅವನೂ ಒಂದೇ. ಆದರೆ ಶ್ರೇಷ್ಠಿ ನಿಜವಾಗಿ ಕದ್ದವನ ಮಾನವನ್ನು ಬೀದಿಯಲ್ಲಿ ಕಾಪಾಡಿದ, ತಪ್ಪನ್ನು ಮುಖಾಮುಖಿ ಹೇಳಿದ. ಲೀಲಾಳ ಮನೆಯವರು ಕದಿಯದವನ ಮಾನವನ್ನು ಬೀದಿಯಲ್ಲಿ ಕಳೆದರು, ತಮ್ಮ ತಪ್ಪನ್ನು ಅಡುಗೆಮನೆಯಲ್ಲಿ ಮುಚ್ಚಿಟ್ಟರು. ಸಂಪ್ರದಾಯದಲ್ಲಿ ಉಪಗೂಹನವೆಂದರೆ ಅಶಕ್ತರ, ಅಜ್ಞಾನಿಗಳ ದೋಷದಿಂದ ಧರ್ಮಮಾರ್ಗಕ್ಕೆ ಬರುವ ಅಪವಾದವನ್ನು ತಡೆಯುವುದೆಂಬುದನ್ನು ನಾನು ಬಲ್ಲೆ. ಬಲ್ಲವರ, ಬಲವಿದ್ದವರ ತಪ್ಪು ಮುಚ್ಚಲು ಈ ಅಂಗದ ಹೆಸರು ಹೇಳುವವರೂ ಇದ್ದಾರೆ. ಅದು ಬೇರೆ ದಿನದ ಲೇಖನ.

ಪೊಲೀಸ್ ಅಧಿಕಾರಿ ಹೇಳಿದ್ದು ಸತ್ಯವಲ್ಲವೇ ಎಂದು ಓದುಗರು ಕೇಳಬಹುದು. ಸತ್ಯವೇ. ಸ್ಥೂಲವಾದ ಸುಳ್ಳನ್ನು ಆಡದಿರುವುದರ ಜೊತೆಗೆ, ಪರರಿಗೆ ವಿಪತ್ತು ತರುವ ಸತ್ಯವನ್ನೂ ಆಡದಿರುವುದು ಸತ್ಯಾಣುವ್ರತ ಎಂದು ಸಮಂತಭದ್ರರು ಹೇಳುತ್ತಾರೆ. ಪರಿವಾದ, ಪೈಶುನ್ಯಗಳನ್ನು ಅವರು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಧಿಕಾರಿಗೆ ಕರ್ತವ್ಯವಿತ್ತು, ಅವನು ಹೇಳಲೇಬೇಕಿತ್ತೇನೋ. ಆದರೆ ಆ ಸತ್ಯವನ್ನು ಕೇಳಿಸಿಕೊಂಡ ಗೃಹಸ್ಥನಿಗೆ ತನ್ನ ಊಹೆ ಗೆದ್ದಿತೆಂಬ ಸಮಾಧಾನವಾಯಿತಲ್ಲ, ನನ್ನ ತಕರಾರು ಆ ಸಮಾಧಾನದ ಬಗೆಗೆ. ಆ ಸಮಾಧಾನವನ್ನು ನಾನು ಬಲ್ಲೆ. ನಮ್ಮ ಮನೆಯಲ್ಲಿಯೇ ನೋಡಿದ್ದೇನೆ.

ಆ ಕಂತು ನೋಡಿ ಅತ್ತು ಮಲಗಿದ ಮರುವರ್ಷದ ಬೇಸಿಗೆ. ಫಾಲ್ಗುಣ, ಚೈತ್ರ ಬಂತೆಂದರೆ ನಮ್ಮ ಕಡೆ ಹುಣಸೆಯ ಸುಗ್ಗಿ. ಮರ ಬಡಿದು ತಂದ ಹಣ್ಣನ್ನು ಒಣಗಿಸಿ, ಸಿಪ್ಪೆ ಕುಟ್ಟಿ, ನಾರು ಬೀಜ ತೆಗೆದು ತುಮಕೂರಿನ ಮಂಡಿಗೆ ಸಾಗಿಸುವವರೆಗೆ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತಂದೆಯವರ ದಿನಸಿ ಅಂಗಡಿಯ ಜೊತೆಗೆ ಈ ವ್ಯಾಪಾರವೂ ಇತ್ತು. ತೂಕ ಮಾಡಲು, ಮೂಟೆ ಹೊರಲು ಪಾವಗಡದ ದಾರಿಯ ಒಂದು ಹಟ್ಟಿಯಿಂದ ಹದಿನೆಂಟರ ಯುವಕನೊಬ್ಬ ಬರುತ್ತಿದ್ದ. ನನಗೆ ಹುಣಸೆಬೀಜದಲ್ಲಿ ಚೌಕಾಬಾರ ಆಡಲು ಕಲಿಸಿದವನು ಅವನೇ. ಆ ಸುಗ್ಗಿಯಲ್ಲಿ ಅಜ್ಜಿ ಅಭಿಷೇಕದ ಹಾಲಿಗೆಂದು ಇಟ್ಟುಕೊಂಡಿದ್ದ ಬೆಳ್ಳಿಯ ಲೋಟ ಕಾಣೆಯಾಯಿತು. ಅದನ್ನು ಮಧುಗಿರಿಯ ಮಲ್ಲಿನಾಥ ಬಸದಿಗೆ ಹೋಗುವಾಗ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದರು.

ಯಾರೂ ಕೂಗಾಡಲಿಲ್ಲ, ಪೊಲೀಸರ ಹೆಸರೆತ್ತಲಿಲ್ಲ; ನಾವು ಸೌಮ್ಯ ಜನ. ಸಂಜೆ ಕೂಲಿ ಎಣಿಸಿ ಕೊಡುವಾಗ ತಂದೆಯವರು “ನಾಳೆಯಿಂದ ಬರಬೇಡಪ್ಪ” ಎಂದರು. ಅವನು ಏಕೆಂದು ಕೇಳಲಿಲ್ಲ. ಕೇಳದಿದ್ದುದೇ ಪುರಾವೆಯಾಯಿತು. ನಂತರ ಯಾರೋ ಅಂಗಡಿಗೆ ಬಂದವರು ಅವರ ಮನೆಯವರೇ ಹಾಗೆ ಎಂದರು. ಜಗಲಿಯಲ್ಲಿ ಕುಳಿತಿದ್ದ ಎಲ್ಲರ ಮುಖದಲ್ಲೂ ನಾನು ಮೇಲೆ ಹೇಳಿದ ಸಮಾಧಾನ ಮೂಡಿತು. ಸಿದ್ದನಿಗಾಗಿ ಅತ್ತಿದ್ದ ನಾನೂ ಅಲ್ಲಿಯೇ ಕುಳಿತಿದ್ದೆ. ಒಂದು ಮಾತೂ ಆಡಲಿಲ್ಲ. ಲೋಟ ಎಂದೂ ಸಿಗಲಿಲ್ಲ, ಹುಣಸೆಯ ಮಡಕೆಯಲ್ಲೂ ಇಲ್ಲ, ಎಲ್ಲಿಯೂ ಇಲ್ಲ.

ಹದಿನೈದು ವರ್ಷಗಳಾದ ಮೇಲೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಗುರುತಿಸಿದ. ತಂದೆಯವರ ಆರೋಗ್ಯ, ಅಂಗಡಿ, ಮಳೆಬೆಳೆ ಎಲ್ಲ ವಿಚಾರಿಸಿದ. ಅವನ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿ, “ಸ್ವಾಮಿ, ಆ ಬೆಳ್ಳಿ ಲೋಟ ಕೊನೆಗೆ ಸಿಕ್ತಾ?” ಎಂದು ಕೇಳಿದ. ಇಲ್ಲ ಎಂದೆ. “ಅಯ್ಯೋ” ಎಂದು ಒಳಗೆ ಹೋದ.

ಈ ಒಂದು ಪ್ರಶ್ನೆಯನ್ನು ನಾನು ಎಷ್ಟು ವರ್ಷ ತಿರುವಿ ಹಾಕಿದ್ದೇನೆಂದರೆ, ಯಾವ ಧಾರಾವಾಹಿಯ ಕೊನೆಯ ದೃಶ್ಯವನ್ನೂ ಅಷ್ಟು ಹಾಕಿಲ್ಲ. ಲೋಟ ಸಿಕ್ಕಿ ತನ್ನ ಹೆಸರು ಶುದ್ಧವಾಗಿರಲಿ ಎಂದು ಹದಿನೈದು ವರ್ಷ ಕಾದವನ ಪ್ರಶ್ನೆಯೇ ಅದು? ತೆಗೆದವನು ತನ್ನನ್ನು ಇನ್ನೂ ಯಾರಾದರೂ ಶಂಕಿಸುವರೇ ಎಂದು ಅಳೆದು ನೋಡಿದನೇ? ಒಂದು ದಿನ ಹಾಗೆ, ಒಂದು ದಿನ ಹೀಗೆ ಅನಿಸುತ್ತಿತ್ತು. ಮಗಳೊಂದಿಗೆ ಆ ಕಂತನ್ನು ಮತ್ತೆ ನೋಡಿದ ರಾತ್ರಿ ಮಾತ್ರ, ಇಷ್ಟು ವರ್ಷ ನಾನು ಈಹೆಯ ಹೆಸರಿನಲ್ಲಿ ಸಂಶಯವನ್ನೇ ಸಾಕುತ್ತಿದ್ದೆ ಎಂಬುದು ಹೊಳೆಯಿತು. ಅವನು ತೆಗೆದನೋ ಇಲ್ಲವೋ ಎಂಬುದಕ್ಕೆ ಒಂದು ನಿಜವಿದೆ. ಅದು ಕೇವಲಿಗಳಿಗೆ ಗೊತ್ತು, ಅವನಿಗೆ ಗೊತ್ತು. ನಾನು ಮಾಡಿದ್ದೇನು ಎಂಬುದಕ್ಕೆ ನನ್ನ ಮಟ್ಟಿಗೆ ಯಾವ ಅಸ್ಪಷ್ಟತೆಯೂ ಇರಲಿಲ್ಲ. ಜಗಲಿಯಲ್ಲಿ ಕುಳಿತಿದ್ದೆ, ಸುಮ್ಮನಿದ್ದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಮೂರನೆಯದು ನನ್ನದು. ಲೋಟದ ಗುಟ್ಟು ತಿಳಿಯುವವರೆಗೆ ನನ್ನ ಪ್ರತಿಕ್ರಮಣ ಕಾಯಬೇಕಾದ ಕಾರಣವೇ ಇರಲಿಲ್ಲ.

ದಶಲಕ್ಷಣ ಪರ್ವ ಅನಂತ ಚತುರ್ದಶಿಗೆ ಮುಗಿದು ಭಾದ್ರಪದ ಬಹುಳ ಪಾಡ್ಯದಂದು ಕ್ಷಮಾವಣಿ ಬರುತ್ತದೆ. ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿಯುತ್ತೇವೆ. ಈಚೆಗೆ ಫೋನಿನಲ್ಲಿ ಹೂವಿನ ಚಿತ್ರದೊಡನೆ ನೂರಾರು ಸಂದೇಶಗಳು ಬರುತ್ತವೆ, ನಾವೂ ನೂರಾರು ಕಳಿಸುತ್ತೇವೆ. ಪಡೆದವರಲ್ಲಿ ಬಹುಪಾಲು ಜನರಿಗೆ ನಾವು ಯಾವ ಕೆಡುಕನ್ನೂ ಮಾಡಿರುವುದಿಲ್ಲ. ಕೆಡುಕು ಮಾಡಿದವರ ನಂಬರು ನಮ್ಮ ಫೋನಿನಲ್ಲಿ ಇರುವುದಿಲ್ಲ. ಕಳೆದ ವರ್ಷ ಆ ದಿನ ನಾನು ಪಾವಗಡದ ಬಸ್ಸು ಹತ್ತಿದೆ. ಹಟ್ಟಿಯಲ್ಲಿ ಕೇಳಿ ಮನೆ ಹುಡುಕಿದೆ. ಅವನು ಇರಲಿಲ್ಲ, ಬೆಂಗಳೂರಿನಲ್ಲಿ ಮಗನ ಜೊತೆ ಇದ್ದು ಕಾವಲು ಕೆಲಸ ಮಾಡುತ್ತಾನೆಂದು ಅವನ ಹೆಂಡತಿ ಹೇಳಿದರು. ಯಾರು ಬಂದಿದ್ದರೆಂದು ತಿಳಿಸಬೇಕೆಂದು ಕೇಳಿದರು. ಮಿಡಿಗೇಶಿಯ ಅಂಗಡಿಯ ಹೆಸರು, ತಂ­ದೆಯವರ ಹೆಸರು ಹೇಳಿದೆ. ಆಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಓ, ಆ ಲೋಟದ ಮನೆಯವ್ರಾ?” ಎಂದರು.

ನೀರು ತಂದುಕೊಟ್ಟರು. ಜಗಲಿಯಲ್ಲಿ ಕುಳಿತು ಕುಡಿದೆ. ಮಗನ ನಂಬರನ್ನು ಗೋಡೆಯ ಮೇಲೆ ಬರೆದಿದ್ದುದನ್ನು ತೋರಿಸಿದರು, ಬರೆದುಕೊಂಡೆ.

ಆ ರಾತ್ರಿ ಫೋನ್ ಮಾಡಿದೆ. ಲೋಟದ ಮಾತನ್ನು ಎತ್ತಲಿಲ್ಲ. ಅಂದು ಅಷ್ಟು ಜನರ ನಡುವೆ ಸುಮ್ಮನೆ ಕುಳಿತಿದ್ದುದಕ್ಕೆ, ನನ್ನ ಪರವಾಗಿಯೂ ತೀರಿಹೋದ ತಂದೆಯವರ ಪರವಾಗಿಯೂ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಊರಿನ ಕಡೆ ಮಳೆ ಆಯಿತೇ ಎಂದು ಕೇಳಿದರು.